ಆಟಿಯ ಮಳೆಯಲ್ಲಿ ಮುಗುಡಿನ ಮರಿ

ಕಾರ್ಕಳದಿಂದ ಬರುವ ರಸ್ತೆ ಬಜಗೋಳಿ ಪೇಟೆಯಲ್ಲಿ ಎರಡಾಗುತ್ತದೆ. ಒಂದು ಮಾಳ ದಾಟಿ ಕುದುರೆಮುಖದ ಘಾಟಿ ಹತ್ತುತ್ತದೆ. ಇನ್ನೊಂದು ಹೊಸ್ಮಾರು, ನಾರಾವಿ ಹಾದು ಗುರುವಾಯನಕೆರೆಗೆ ಹೋಗುತ್ತದೆ. ಘಟ್ಟದ ಬುಡದ ಊರು. ಆಟಿ ತಿಂಗಳಲ್ಲಿ ಮಳೆಯೂ ಜಾಸ್ತಿ, ತಂಪೂ ಜಾಸ್ತಿ. ಅಂಥ ಒಂದು ಮಧ್ಯಾಹ್ನ ಅಡಿಕೆ ತೋಟದ ಅಂಚಿನ ಹಳೆಯ ಕೊಟ್ಟಿಗೆಯಲ್ಲಿ ಇಬ್ಬರು ಮಾತಾಡುತ್ತಿದ್ದಾರೆ. ಒಬ್ಬರು ಆ ಕೊಟ್ಟಿಗೆಯಲ್ಲೇ ಹಲವು ಮಳೆಗಾಲಗಳಿಂದ ಮುಗುಡು ಮೀನಿನ ಮರಿ ಮಾಡುತ್ತಿರುವ ಹಿರಿಯ ಹೆಂಗಸು. ಇನ್ನೊಬ್ಬ ನೆರೆಯ ಹುಡುಗ, ಮನೆಯ ಹಿಂದೆ ಸಿಮೆಂಟು ತೊಟ್ಟಿ ಕಟ್ಟಿಸಿ ಮೊದಲ ಸಲ ಮರಿ ತಂದವನು.

ತಮ್ಮ: ಅಕ್ಕಾ, ಮೊನ್ನೆ ತಂದ ಮರಿಗಳೆಲ್ಲ ತೊಟ್ಟಿಯ ಒಂದು ಮೂಲೆ ಹಿಡಿದು ನಿಂತಿವೆ. ತಿಂಡಿ ಹಾಕಿದರೂ ಬರುವುದಿಲ್ಲ. ಮೈಮೇಲೆ ಗಾಯ ಎಂತದೂ ಕಾಣುವುದಿಲ್ಲ. ಒಂದು ಒಳ್ಳೆಯ ಮದ್ದು ಹೇಳಿ, ಈಗಲೇ ಕಾರ್ಕಳಕ್ಕೆ ಹೋಗಿ ತರ್ತೇನೆ.

ಅಕ್ಕ: ಮದ್ದಿನ ಮಾತು ಆಮೇಲೆ. ನೀರು ಎಷ್ಟು ಡಿಗ್ರಿ ಉಂಟು?

ತಮ್ಮ: ಕೈ ಹಾಕಿ ನೋಡಿದೆ. ಅಷ್ಟೇನೂ ತಣ್ಣಗಿಲ್ಲ.

ಅಕ್ಕ: ಕೈಗೆ ಅದು ಗೊತ್ತಾಗುವುದಿಲ್ಲ ಮಾರಾಯ. ನಮ್ಮ ಮೈ 37 ಡಿಗ್ರಿ. ಮಳೆಯಲ್ಲಿ ನೆಂದ ಕೈಗೆ 24 ಡಿಗ್ರಿಯ ನೀರೂ 28 ಡಿಗ್ರಿಯ ನೀರೂ ಹೆಚ್ಚುಕಡಿಮೆ ಒಂದೇ. ಮರಿಗೆ ಆ ನಾಲ್ಕು ಡಿಗ್ರಿಯಲ್ಲೇ ಬದುಕು ಇರುವುದು. ಮೀನು ತನ್ನ ಮೈಯ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳುವ ಪ್ರಾಣಿ ಅಲ್ಲ. ನೀರು ಎಷ್ಟೋ ಮೈಯೂ ಅಷ್ಟೇ. 28ರಿಂದ 30ರ ಒಳಗೆ ಇದ್ದರೆ ತಿಂದದ್ದು ಅರಗುತ್ತದೆ, ಮರಿ ಬೆಳೀತದೆ. 25ಕ್ಕಿಂತ ಇಳಿದರೆ ಹಸಿವು ಕಮ್ಮಿ ಆಗ್ತದೆ. 20ರ ಹತ್ತಿರ ಬಂದರೆ ತಿನ್ನುವುದೇ ನಿಲ್ಲುತ್ತದೆ. ರೋಗ ತಡೆಯುವ ಶಕ್ತಿಯೂ ಜೊತೆಯಲ್ಲೇ ಇಳೀತದೆ. ತೊಟ್ಟಿಗೆ ಮಾಡು ಉಂಟಾ?

ತಮ್ಮ: ಹಸಿರು ನೆಟ್ ಕಟ್ಟಿದ್ದೇನೆ.

ಅಕ್ಕ: ನೆಟ್ ಬಿಸಿಲು ತಡೀಲಿಕ್ಕೆ. ನಿನ್ನೆ ರಾತ್ರಿಯ ಮಳೆ ಪೂರಾ ತೊಟ್ಟಿಗೇ ಬಿದ್ದಿರ್ತದೆ. ಮಳೆನೀರು ತಣ್ಣಗಿರುವುದು ಒಂದು ತೊಂದರೆ. ಅದರಲ್ಲಿ ಲವಣ ಎಂತದೂ ಇಲ್ಲದ್ದು ಇನ್ನೊಂದು. ನಮ್ಮ ಮುರಕಲ್ಲು ನೆಲದ ನೀರೇ ಮೆದು, ಹುಳಿಯ ಕಡೆಗೆ ವಾಲಿದ್ದು. ಅದಕ್ಕೆ ಮಳೆನೀರೂ ಸೇರಿದರೆ ನೀರಿನ ಗುಣ ಒಂದೇ ರಾತ್ರಿಯಲ್ಲಿ ಬದಲಾಗಿಬಿಡ್ತದೆ. ನಿನ್ನ ಮರಿಗಳಿಗೆ ಸದ್ಯಕ್ಕೆ ರೋಗ ಬಂದಿಲ್ಲ, ಚಳಿ ಹಿಡಿದಿದೆ. ಈಗ ಸರಿ ಮಾಡದಿದ್ದರೆ ನಾಲ್ಕು ದಿನದಲ್ಲಿ ರೋಗವೂ ಬರ್ತದೆ.

ತಮ್ಮ: ಹಾಗಾದರೆ ಬಚ್ಚಲಿನ ಹಂಡೆಯಲ್ಲಿ ಬಿಸಿನೀರು ಹೇಗೂ ಉಂಟು. ನಾಲ್ಕು ಬಾಲ್ದಿ ಹೊಯ್ದುಬಿಡ್ತೇನೆ.

ಅಕ್ಕ: ಬೇಡವೇ ಬೇಡ! ನಿಮ್ಮ ಮನೆಯದ್ದು ತಾಮ್ರದ ಹಂಡೆ ಅಲ್ಲವಾ? ತಾಮ್ರ ಮೀನಿಗೆ ವಿಷ. ನಮ್ಮಂಥ ಮೆದು ನೀರಿನಲ್ಲಿ ಅದರ ವಿಷ ಇನ್ನೂ ಹೆಚ್ಚು. ಮನುಷ್ಯರಿಗೆ ಒಳ್ಳೆಯದು ಎಂದು ಚೊಂಬಿನಲ್ಲಿ ಇಟ್ಟು ಕುಡಿಯುವ ನೀರೇ ಮುಗುಡಿನ ಮರಿಯ ಕಿವಿರು ಸುಡ್ತದೆ. ಹಂಡೆಯ ನೀರು ಬೇಕಾದರೆ ಹೀಗೆ ಮಾಡು: ಖಾಲಿ ಪ್ಲಾಸ್ಟಿಕ್ ಬಾಟ್ಲಿಗಳಿಗೆ ತುಂಬಿಸಿ, ಮುಚ್ಚಳ ಬಿಗಿ ಮಾಡಿ, ತೊಟ್ಟಿಯಲ್ಲಿ ತೇಲಿಬಿಡು. ಬಿಸಿ ಹೊರಗೆ ಬರ್ತದೆ, ತಾಮ್ರ ಬರುವುದಿಲ್ಲ. ತಣಿದ ಮೇಲೆ ಬದಲಾಯಿಸು. ಆದರೆ ಒಂದು ಗಂಟೆಗೆ ಒಂದು ಡಿಗ್ರಿಗಿಂತ ಹೆಚ್ಚು ಏರಬಾರದು. ತಣ್ಣಗಾದ ಮರಿಯನ್ನು ಒಮ್ಮೆಲೇ ಬಿಸಿಗೆ ಹಾಕಿದರೆ ಚಳಿಯಲ್ಲಿ ಉಳಿದದ್ದು ಬಿಸಿಯಲ್ಲಿ ಸಾಯ್ತದೆ. ನೀರು ಏರಿ, ಅವು ಚದುರಿ ಓಡಾಡುವ ತನಕ ತಿಂಡಿ ಹಾಕಬೇಡ. ಹಾಕಿದ್ದು ತಳದಲ್ಲಿ ಕೊಳೀತದೆ ಅಷ್ಟೆ.

ತಮ್ಮ: ಇದು ಇವತ್ತಿಗಾಯಿತು. ಆಟಿ ಮುಗಿಯುವ ತನಕ ಬಾಟ್ಲಿ ಹಿಡಿದು ಕೂರ್ಲಿಕ್ಕೆ ಆಗ್ತದಾ? ದೊಡ್ಡ ಹೀಟರ್ ಒಂದು ಹಾಕಿದರೆ ಆಗುವುದಿಲ್ಲವಾ?

ಅಕ್ಕ: ಹೀಟರ್ ಕೊನೆಗೆ ಬರಬೇಕಾದ್ದು. ಮೊದಲು ಬಾವಿ ನೋಡು. ನೆಲದ ಒಳಗಿನ ನೀರು ಊರಿನ ವರ್ಷದ ಸರಾಸರಿ ಬಿಸಿಯನ್ನು ಹಿಡಿದುಕೊಂಡಿರ್ತದೆ. ನಮ್ಮ ಕಡೆ ಅದು 26–27ರ ಆಸುಪಾಸು. ಡಿಸೆಂಬರಿನ ಬೆಳಗ್ಗೆ ಬಾವಿಯಿಂದ ಸೇದಿದ ನೀರು ಬೆಚ್ಚಗೆ ಅನಿಸುವುದು ಅದಕ್ಕೇ. ಅಷ್ಟು ಬಿಸಿ ನಮಗೆ ಬಿಟ್ಟಿ ಸಿಗ್ತಾ ಉಂಟು. ಅದನ್ನು ಗಾಳಿಗೆ ಬಿಟ್ಟುಕೊಡದೆ ಹಿಡಿದಿಟ್ಟರೆ ಹೀಟರ್ ಮಾಡಬೇಕಾದ ಕೆಲಸ ಒಂದೆರಡು ಡಿಗ್ರಿಯದ್ದು ಮಾತ್ರ.

ತಮ್ಮ: ಬಾವಿಯ ನೀರನ್ನು ನೇರವಾಗಿ ಬಿಡಬಹುದಾ?

ಅಕ್ಕ: ಬಿಡಬಾರದು. ಬಾವಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು. ಒಂದು ಡ್ರಮ್ಮಿನಲ್ಲಿ ತುಂಬಿಸಿ ಒಂದು ಹಗಲು ಒಂದು ರಾತ್ರಿ ಏರ್ ಪಂಪಿನ ಗಾಳಿ ಕೊಡು. ಆ ಡ್ರಮ್ ಕೊಟ್ಟಿಗೆಯ ಒಳಗೇ ಇರಲಿ. ನೀರು ಬದಲಿಸುವಾಗ ಡ್ರಮ್ಮಿನದ್ದೂ ಮರಿ ಟಬ್ಬಿನದ್ದೂ ಬಿಸಿ ಒಂದೇ ಆಗಿರಬೇಕು. ಎರಡು ಡಿಗ್ರಿಯ ಅಂತರವೂ ಹೆಚ್ಚೇ. ನಳ್ಳಿ ನೀರಾದರೆ ಕ್ಲೋರಿನ್ ಹೋಗುವ ತನಕ ಮುಟ್ಟಲೇಬೇಡ.

ತಮ್ಮ: ಹಿಡಿದಿಡುವುದು ಅಂದರೆ ಹೇಗೆ? ನೀರಿನ ಬಿಸಿ ಹೋಗುವುದು ಎಲ್ಲಿಂದ?

ಅಕ್ಕ: ಹೆಚ್ಚಿನದ್ದು ಮೇಲಿನಿಂದ. ಒಂದು ಲೀಟರ್ ನೀರು ಆವಿಯಾಗಿ ಹೋದರೆ 500 ಲೀಟರಿಗಿಂತ ಹೆಚ್ಚು ನೀರನ್ನು ಒಂದು ಡಿಗ್ರಿ ತಣಿಸುವಷ್ಟು ಬಿಸಿಯನ್ನು ತೆಗೆದುಕೊಂಡು ಹೋಗ್ತದೆ. ಆಟಿಯಲ್ಲಿ ಗಾಳಿಯಲ್ಲೇ ಪಸೆ ಇರುವುದರಿಂದ ಆವಿಯಾಗುವುದು ನಿಧಾನ. ಘಟ್ಟದ ಕಡೆಯ ಒಣಗಾಳಿ ಬೀಸುವ ಡಿಸೆಂಬರ್, ಜನವರಿಯಲ್ಲಿ ರಾತ್ರಿ 20ರ ಹತ್ತಿರ ಇಳೀತದಲ್ಲ, ಆಗ ನೋಡಬೇಕು. ಅದಕ್ಕೇ ಮೊದಲು ಮುಚ್ಚಳ. ತೆಳು ಪ್ಲಾಸ್ಟಿಕ್ ಹಾಳೆಯೂ ಆಗ್ತದೆ, ಥರ್ಮೋಕೋಲ್ ಇದ್ದರೆ ಇನ್ನೂ ಒಳ್ಳೆಯದು. ಆದರೆ ನೀರಿಗೆ ತಾಗುವ ಹಾಗೆ ಮುಚ್ಚಬೇಡ. ಮುಗುಡು ಮೇಲೆ ಬಂದು ಗಾಳಿ ಗುಟುಕರಿಸುವ ಮೀನು. ನೀರಿಗೂ ಮುಚ್ಚಳಕ್ಕೂ ನಡುವೆ ಒಂದು ಗೇಣು ಜಾಗ ಬಿಡು. ಟಬ್ಬಿನ ಅಡಿಗೂ ಥರ್ಮೋಕೋಲ್ ಹಾಕು. ಸಿಮೆಂಟು ನೆಲ ರಾತ್ರಿಯಿಡೀ ಬಿಸಿ ಹೀರಿಕೊಳ್ಳುತ್ತದೆ. ಈ ಕೊಟ್ಟಿಗೆಯ ಈ ಮೂಲೆ ನೋಡು. ನಾಲ್ಕು ಟಬ್ಬಿಗೆ ಬೇರೆ ಬೇರೆ ಬಿಸಿ ಕೊಡುವ ಬದಲು ಮೂಲೆಯನ್ನೇ ಪ್ಲಾಸ್ಟಿಕ್ ಶೀಟಿನಿಂದ ಬಾಣಂತಿ ಕೋಣೆಯ ಹಾಗೆ ಮರೆ ಮಾಡಿದ್ದೇನೆ. ಒಳಗಿನ ಗಾಳಿ ಬೆಚ್ಚಗಿದ್ದರೆ ನೀರು ಅಷ್ಟು ಬೇಗ ತಣಿಯುವುದಿಲ್ಲ.

ತಮ್ಮ: ಏರ್ ಪಂಪೂ ಒಳಗೇ ಇಟ್ಟಿದ್ದೀರಿ.

ಅಕ್ಕ: ಹೌದು. ಅದನ್ನು ಹೊರಗಿಟ್ಟರೆ ಹೊರಗಿನ ತಂಪು ಗಾಳಿಯನ್ನೇ ಇಡೀ ರಾತ್ರಿ ನೀರಿಗೆ ಊದ್ತಾ ಇರ್ತದೆ. ಒಳಗಿನ ಬೆಚ್ಚಗಿನ ಗಾಳಿಯನ್ನು ಊದಲಿ. ನೀರಿನ ಮಟ್ಟಕ್ಕಿಂತ ಎತ್ತರದಲ್ಲಿರಬೇಕು. ಇಲ್ಲದಿದ್ದರೆ ಕರೆಂಟು ಹೋದಾಗ ಪೈಪಿನಿಂದ ನೀರು ಹಿಂದಕ್ಕೆ ಹರಿದು ಪಂಪಿನ ಒಳಗೆ ಸೇರ್ತದೆ.

ತಮ್ಮ: ಇಷ್ಟೆಲ್ಲ ಮಾಡಿದ ಮೇಲೆ ಹೀಟರ್ ಯಾಕೆ?

ಅಕ್ಕ: ಕೊನೆಯ ಒಂದೆರಡು ಡಿಗ್ರಿಗೆ. ಲೆಕ್ಕ ಸುಲಭ ಉಂಟು. 1,000 ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲಿಕ್ಕೆ ಒಂದು ಯೂನಿಟಿಗಿಂತ ಸ್ವಲ್ಪ ಹೆಚ್ಚು ಕರೆಂಟು ಬೇಕು. ನಿನ್ನ ತೊಟ್ಟಿಯಲ್ಲಿ 3,000 ಲೀಟರ್ ನೀರು. ನಾಲ್ಕು ಡಿಗ್ರಿ ಏರಿಸಬೇಕಾದರೆ ಒಂದು ಸಲಕ್ಕೇ 14 ಯೂನಿಟು. ಮುಚ್ಚದಿದ್ದರೆ ಬೆಳಗಾಗುವಾಗ ಅದೆಲ್ಲ ಆಕಾಶಕ್ಕೆ. ಅದೇ ಮರಿಗಳು 200 ಲೀಟರ್ ಟಬ್ಬಿನಲ್ಲಿದ್ದರೆ ಒಂದು ಯೂನಿಟಿನಲ್ಲಿ ಮುಗೀತದೆ. ಸಣ್ಣ ಮರಿಗೆ ದೊಡ್ಡ ತೊಟ್ಟಿ ಬೇಡವೇ ಬೇಡ. ಬೆರಳುದ್ದ ಆಗುವ ತನಕ ಟಬ್ಬು ಸಾಕು.

ತಮ್ಮ: ಎರಡೆರಡು ಸಣ್ಣ ಹೀಟರ್ ಇಟ್ಟಿದ್ದೀರಿ. ಒಂದು ದೊಡ್ಡದು ಸಾಲದಾ?

ಅಕ್ಕ: ಹೀಟರಿನ ಥರ್ಮೋಸ್ಟಾಟ್ ಒಂದಲ್ಲ ಒಂದು ದಿನ ಕೈಕೊಡ್ತದೆ. ದೊಡ್ಡದೊಂದೇ ಇದ್ದು ಅದು ಆಫ್ ಆಗದೆ ಉಳಿದರೆ ಮರಿಗಳು ಬೇಯ್ತವೆ. ಕೆಲಸವನ್ನೇ ನಿಲ್ಲಿಸಿದರೆ ತಣ್ಣಗಾಗ್ತವೆ. ಸಣ್ಣವು ಎರಡಿದ್ದರೆ, ಒಂದು ಆಫ್ ಆಗದಿದ್ದರೂ ನೀರನ್ನು ಅಷ್ಟು ಕಾಯಿಸುವ ಶಕ್ತಿ ಅದಕ್ಕಿಲ್ಲ. ಒಂದು ಸತ್ತರೆ ಇನ್ನೊಂದು ಬೆಳಗಿನ ತನಕ ಕಾಯ್ತದೆ. ಮತ್ತೆ ನೋಡು, ಹೀಟರಿಗೆ ತೂತು ಕೊರೆದ ಪಿವಿಸಿ ಪೈಪು ತೊಡಿಸಿದ್ದೇನೆ. ಮುಗುಡು ಸಂದಿ ಹುಡುಕುವ ಮೀನು. ಬೆಚ್ಚಗಿದೆ ಎಂದು ಹೀಟರಿಗೇ ಒರಗಿ ಮಲಗ್ತದೆ, ಹೊಟ್ಟೆ ಸುಟ್ಟುಕೊಳ್ತದೆ. ಇದರ ಮೈಗೆ ಹುರುಪೆ ಇಲ್ಲ, ಬರೀ ಚರ್ಮ. ವಯರಿಂಗಿನಲ್ಲಿ ಮಾತ್ರ ಉಳಿತಾಯ ನೋಡಬೇಡ. ಅರ್ತಿಂಗ್ ಸರಿ ಇರಬೇಕು, ಕರೆಂಟು ಸೋರಿದರೆ ತಾನೇ ಆಫ್ ಆಗುವ ಇಎಲ್‌ಸಿಬಿ ಇರಲೇಬೇಕು. ಪ್ಲಗ್ ತೆಗೆಯದೆ ನೀರಿಗೆ ಕೈ ಹಾಕಬಾರದು, ಮನೆಯ ಮಕ್ಕಳಿಗೂ ಹೇಳಿಡು. ಮೀನಿಗಾಗಿ ಮನುಷ್ಯರ ಜೀವ ಹೋಗಬಾರದು.

ತಮ್ಮ: ನಮ್ಮಲ್ಲಿ ಲೈನ್ ಮೇಲೆ ಮರ ಬಿದ್ದರೆ ಎರಡು ದಿನ ಕರೆಂಟೇ ಇರುವುದಿಲ್ಲವಲ್ಲ.

ಅಕ್ಕ: ಅದಕ್ಕೇ ಹೀಟರನ್ನು ನೆಚ್ಚಿಕೊಳ್ಳಬೇಡ ಎಂದದ್ದು. ಮುಚ್ಚಳ, ಅಡಿಯ ಥರ್ಮೋಕೋಲು, ಮರೆ, ಇವು ಕರೆಂಟಿಲ್ಲದಾಗಲೂ ಕೆಲಸ ಮಾಡ್ತವೆ. ಕರೆಂಟು ಹೋದ ಕೂಡಲೇ ತಿಂಡಿ ನಿಲ್ಲಿಸು. ಬ್ಯಾಟರಿಯ ಸಣ್ಣ ಏರ್ ಪಂಪ್ ಸಿಗ್ತದೆ, ಒಂದು ಇರಲಿ. ಬಾಟ್ಲಿಯ ಬಿಸಿನೀರು ಆ ರಾತ್ರಿಗೆ. ಗಾಳಿ ಗುಟುಕರಿಸಲು ಕಲಿತ ಮರಿಗಳು ಆಮ್ಲಜನಕ ಕಮ್ಮಿಯಾದರೂ ತಡೆದುಕೊಳ್ತವೆ. ಅದಕ್ಕಿಂತ ಸಣ್ಣವುಗಳದ್ದೇ ಚಿಂತೆ.

ತಮ್ಮ: ಕಲಿಯುವುದು ಅಂದರೆ? ಹುಟ್ಟುವಾಗಲೇ ಬರುವುದಿಲ್ಲವಾ?

ಅಕ್ಕ: ಇಲ್ಲ. ಇದು ಮರಿ ಸಾಕುವವರೆಲ್ಲ ತಿಳಿದಿರಲೇಬೇಕಾದ ಸಂಗತಿ. ಮೊಟ್ಟೆ ಒಡೆದು ಬಂದ ಮರಿ ಐದು ಮಿಲಿಮೀಟರ್ ಉದ್ದ ಇರ್ತದೆ. ಮೊದಲ ಮೂರು ನಾಲ್ಕು ದಿನ ಹೊಟ್ಟೆಯಡಿಯ ಹಳದಿ ಚೀಲವೇ ಅದಕ್ಕೆ ಊಟ. ಆಗ ಬರೀ ಕಿವಿರಿನ ಉಸಿರಾಟ. ಕಿವಿರಿನ ಮೇಲಿನ ಕುಳಿಯಲ್ಲಿ ಕವಲು ಕವಲಾದ ಇನ್ನೊಂದು ಅಂಗ ಬೆಳೀತದೆ, ಗಾಳಿಯನ್ನು ಉಸಿರಾಡಲಿಕ್ಕೆ. ಅದು ಕೆಲಸ ಶುರು ಮಾಡುವುದು ಹತ್ತು ಹನ್ನೊಂದನೆಯ ದಿನದ ಸುಮಾರಿಗೆ. ಆಗ ಮರಿ ತಳದಿಂದ ಮೇಲಕ್ಕೆ ಈಜಿ ಬಂದು ಗಾಳಿ ತೆಗೆದುಕೊಂಡು ಹೋಗಬೇಕು. ನೀರು ಒಂದು ಮೊಳ ಆಳ ಇದ್ದರೆ ಅಷ್ಟು ಸಣ್ಣ ಜೀವ ಬಳಲಿ ಸಾಯ್ತದೆ. ಚೆನ್ನಾಗಿ ತಿನ್ನುತ್ತಿದ್ದ ಮರಿಗಳು ಹನ್ನೊಂದನೆಯ ದಿನ ಕಾರಣವೇ ಇಲ್ಲದೆ ಸತ್ತವು ಎಂದು ತುಂಬ ಜನ ಹೇಳ್ತಾರೆ. ಕಾರಣ ಇದುವೇ. ಆ ದಿನಗಳಲ್ಲಿ ನೀರು ಎಂಟು ಹತ್ತು ಸೆಂಟಿಮೀಟರ್ ಸಾಕು.

ತಮ್ಮ: ಅಷ್ಟು ಕಡಿಮೆ ನೀರು ಬೇಗ ತಣಿಯುವುದಿಲ್ಲವಾ?

ಅಕ್ಕ: ತಣೀತದೆ! ಈ ಕೆಲಸದ ಕಷ್ಟ ಇರುವುದೇ ಅಲ್ಲಿ. ನೀರು ಆಳ ಇದ್ದರೆ ಬಿಸಿ ನಿಲ್ಲುತ್ತದೆ, ಮರಿಗೆ ಗಾಳಿ ಸಿಗುವುದಿಲ್ಲ. ಆಳ ಕಡಿಮೆ ಮಾಡಿದರೆ ಗಾಳಿ ಸಿಗ್ತದೆ, ಬಿಸಿ ನಿಲ್ಲುವುದಿಲ್ಲ. ನಾನು ಮಾಡುವುದು ಹೀಗೆ: ದೊಡ್ಡ ಟಬ್ಬಿನಲ್ಲಿ ನೀರು ತುಂಬಿಸಿ ಹೀಟರ್ ಅದಕ್ಕೆ ಹಾಕ್ತೇನೆ. ಮರಿಗಳಿರುವ ಆಳವಿಲ್ಲದ ಟ್ರೇಗಳನ್ನು ಅದರೊಳಗೆ ತೇಲಿಸಿ ಇಡ್ತೇನೆ. ಕೆಳಗಿನ 200 ಲೀಟರ್ ನೀರು ಮೇಲಿನ ನಾಲ್ಕು ಬೆರಳು ನೀರನ್ನು ಬೆಚ್ಚಗಿಡ್ತದೆ. ಕರೆಂಟು ಹೋದರೂ ಆ ದೊಡ್ಡ ನೀರು ಬೇಗ ತಣಿಯುವುದಿಲ್ಲ. ಹೀಟರ್ ಮರಿಗಳಿಗೆ ತಾಗುವ ಭಯವೂ ಇಲ್ಲ.

ತಮ್ಮ: ಮೊಟ್ಟೆ ಇಡಿಸುವುದೂ ಇಲ್ಲೇ ಮಾಡ್ತೀರಾ?

ಅಕ್ಕ: ಮಾಡ್ತೇನೆ, ಆದರೆ ಮೊದಲ ವರ್ಷವೇ ನಿನಗೆ ಅದು ಬೇಡ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯವರು ನಮ್ಮ ಮುಗುಡಿನ ದಾಯಾದಿ, ಉತ್ತರದ ಮಾಗುರ್ ಮೀನಿಗೆ ಒಂದು ಕ್ರಮ ಮಾಡಿಕೊಟ್ಟಿದ್ದಾರೆ. ಜೂನ್‌ನಿಂದ ಆಗಸ್ಟ್ ಒಳಗೆ ಬೆಳೆದ ಹೆಣ್ಣಿಗೆ ಓವಾಪ್ರಿಮ್‌ನಂಥ ಹಾರ್ಮೋನು ಚುಚ್ಚುವುದು, 16–18 ಗಂಟೆ ಕಳೆದ ಮೇಲೆ ಹೊಟ್ಟೆ ನೀವಿ ಮೊಟ್ಟೆ ತೆಗೆಯುವುದು. ಗಂಡಿನಿಂದ ಹಾಗೆ ನೀವಿ ತೆಗೀಲಿಕ್ಕೆ ಬರುವುದಿಲ್ಲ, ಅದನ್ನು ಕೊಯ್ದೇ ತೆಗೆಯಬೇಕು. 27–29 ಡಿಗ್ರಿಯಲ್ಲಿ ಒಂದು ದಿನ ಕಳೆಯುವಷ್ಟರಲ್ಲಿ ಮರಿ ಹೊರಗೆ ಬರ್ತದೆ. ತಣ್ಣಗಿದ್ದರೆ ತಡವಾಗ್ತದೆ, ಅಷ್ಟರಲ್ಲಿ ಮೊಟ್ಟೆಗೆ ಹತ್ತಿಯಂಥ ಬೂಸ್ಟು ಹಿಡೀತದೆ. ಗಂಡನ್ನು ಕೊಲ್ಲುವುದು ಮನಸ್ಸಿಗೆ ಬಾರದವರು ಗದ್ದೆಯ ಕ್ರಮ ನೋಡಬಹುದು. ಮುಗುಡು ಹುಣಿಯ ಬದಿಯ ಪೊಟರೆಯಲ್ಲಿ ತಾನೇ ಮೊಟ್ಟೆ ಇಡ್ತದೆ, ಗಂಡು ಕಾವಲು ನಿಲ್ತದೆ. ಥಾಯ್ಲೆಂಡಿನ ರೈತರು ಕೆರೆಯ ದಂಡೆಯಲ್ಲಿ ಅಂಥ ಗುಳಿ ಮಾಡಿಕೊಟ್ಟು, ಮರಿಯಾದ ಮೇಲೆ ಸಣ್ಣ ಬಲೆಯಲ್ಲಿ ಎತ್ತಿಕೊಳ್ಳುತ್ತಿದ್ದರು. ಮರಿ ಕಡಿಮೆ ಸಿಗ್ತದೆ, ಆದರೆ ಮೀನು ಉಳೀತದೆ.

ತಮ್ಮ: ತಿಂಡಿಗೆ ಎಂತ ಕೊಡುವುದು? ನಾನು ಅಂಗಡಿಯ ಪುಡಿ ಹಾಕ್ತಾ ಇದ್ದೇನೆ.

ಅಕ್ಕ: ಮೊದಲ ವಾರ ಜೀವ ಇರುವ ತಿಂಡಿಯೇ ಬೇಕು. ಅಲ್ಲಾಡದ್ದನ್ನು ಅಷ್ಟು ಸಣ್ಣ ಮರಿ ತಿಂಡಿ ಎಂದು ಗುರುತಿಸುವುದೇ ಕಷ್ಟ. ಆರ್ಟೀಮಿಯಾ ಎಂಬ ಸಣ್ಣ ಸೀಗಡಿಯಂಥ ಜೀವಿಯ ಮೊಟ್ಟೆಯನ್ನು ಉಪ್ಪುನೀರಿನಲ್ಲಿ ಒಂದು ದಿನ ಗಾಳಿ ಕೊಟ್ಟು ಒಡೆಸಬಹುದು, ಆದರೆ ದುಬಾರಿ. ನಮಗೆ ಒಳ್ಳೆಯದು ಮೊಯಿನಾ ಎಂಬ ನೀರಿನ ಚಿಗಟ. ಹೊರಗಿನ ಸಿಮೆಂಟು ತೊಟ್ಟಿಯಲ್ಲಿ ಸೆಗಣಿ ನೀರು, ನೆನೆಸಿದ ನೆಲಗಡಲೆ ಹಿಂಡಿ ಹಾಕಿ, ಒಂದು ಲೋಟ ಮೊಯಿನಾ ಬಿಟ್ಟರೆ ವಾರದೊಳಗೆ ನೀರೆಲ್ಲ ಕೆಂಪು ಚುಕ್ಕೆ. ಬಟ್ಟೆಯಲ್ಲಿ ಸೋಸಿ, ಒಳ್ಳೆ ನೀರಿನಲ್ಲಿ ತೊಳೆದು ಕೊಡು. ಚರಂಡಿಯಿಂದ ತಂದ ಹುಳ ಕೊಡಬೇಡ, ಅದರ ಜೊತೆ ರೋಗವೂ ಬರ್ತದೆ. ಎರಡನೆಯ ವಾರದಲ್ಲಿ ಮರುವಾಯಿ ಮಾಂಸವನ್ನು ಬೇಯಿಸಿ ಸಣ್ಣಗೆ ಅರೆದು ಕೊಡು; ಆಮೇಲೆ ಪುಡಿ. ಮುಗುಡು ರಾತ್ರಿಯ ಮೀನು. ಹಗಲು ಕತ್ತಲೆ ಮಾಡಿ, ಒಡೆದ ಹೆಂಚು, ಪೈಪಿನ ತುಂಡು ಅಡಗಲಿಕ್ಕೆ ಇಟ್ಟು, ದೊಡ್ಡ ಊಟವನ್ನು ಮುಸ್ಸಂಜೆಗೆ ಕೊಡು.

ತಮ್ಮ: ಬಿಸಿ ಇದ್ದರೆ ಹೆಚ್ಚು ತಿನ್ನುತ್ತವೆ, ಹೆಚ್ಚು ಬೆಳೀತವೆ. ಹಾಗಾದರೆ 32, 33ಕ್ಕೆ ಏರಿಸಿದರೆ ಇನ್ನೂ ಬೇಗ ಆಗ್ತದಲ್ಲ?

ಅಕ್ಕ: ಬಿಸಿಗೆ ಬೆಲೆ ತೆರಲಿಕ್ಕುಂಟು. 20 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 30 ಡಿಗ್ರಿಯಲ್ಲಿ ಹಿಡಿಯುವುದು ಏಳೂವರೆ. ಮರಿಗೆ ಬೇಕಾದ್ದು ಹೆಚ್ಚು, ನೀರಿನಲ್ಲಿ ಇರುವುದು ಕಡಿಮೆ. ಹೆಚ್ಚು ತಿಂದದ್ದು ಹೆಚ್ಚು ಹೇಲಾಗ್ತದೆ, ಅಮೋನಿಯಾ ಆಗ್ತದೆ. ಆದ್ದರಿಂದ ನೀರು ಬೆಚ್ಚಗಾದಷ್ಟೂ ಚೊಕ್ಕ ಮಾಡುವ ಕೆಲಸ ಜಾಸ್ತಿ. ದಿನಕ್ಕೆ ಎರಡು ಸಲ ಸಣ್ಣ ಪೈಪಿನಿಂದ ತಳದ ಕಸ ಎಳೆದು, ಕಾಲುಭಾಗ ನೀರು ಬದಲಿಸು. ಸ್ಪಂಜ್ ಫಿಲ್ಟರನ್ನು ನಳ್ಳಿಯಡಿ ತಿಕ್ಕಿ ತೊಳೀಬೇಡ. ಅದರಲ್ಲಿ ಅಮೋನಿಯಾವನ್ನು ತಿನ್ನುವ ಬ್ಯಾಕ್ಟೀರಿಯಾ ಇರ್ತವೆ, ಟಬ್ಬಿನ ನೀರಲ್ಲೇ ಹಿಂಡಿ ಇಡು.

ತಮ್ಮ: ನೀರು ಹುಳಿಯಾದರೆ ಸುಣ್ಣ ಹಾಕು ಎಂದು ಹೇಳಿದವರಿದ್ದಾರೆ.

ಅಕ್ಕ: ಖಾಲಿ ತೊಟ್ಟಿಗೆ ಹಾಕು, ಮರಿ ಇರುವ ಟಬ್ಬಿಗೆ ಹಾಕಬೇಡ. ಕಾರಣ ಹೇಳ್ತೇನೆ, ಇದು ತಿಳಿದಿರುವುದು ಒಳ್ಳೆಯದು. ಪಿಎಚ್ 7 ಇದ್ದಾಗ, 28 ಡಿಗ್ರಿಯಲ್ಲಿ, ನೀರಿನ ಅಮೋನಿಯಾದಲ್ಲಿ ವಿಷದ ರೂಪದ್ದು ನೂರಕ್ಕೆ ಒಂದು ಪಾಲೂ ಇಲ್ಲ. ಪಿಎಚ್ 8 ಆದರೆ ಆರೇಳು ಪಾಲು. 9 ಆದರೆ ನಲವತ್ತು ಪಾಲು. ಒಂದು ಹಿಡಿ ಸುಣ್ಣ ಹಾಕಿದ ಕೂಡಲೇ ಪಿಎಚ್ ಹಾರಿ, ಅದೇ ನೀರು ವಿಷ ಆಗ್ತದೆ. ಅದರ ಬದಲು ಮರುವಾಯಿ ಚಿಪ್ಪನ್ನು ಚೆನ್ನಾಗಿ ತೊಳೆದು, ಕುಟ್ಟಿ, ಬಟ್ಟೆಯ ಚೀಲದಲ್ಲಿ ಫಿಲ್ಟರಿನ ಬಳಿ ಇಡು. ಹುಳಿ ಹೆಚ್ಚಿದಾಗ ಮಾತ್ರ ಚಿಪ್ಪು ನಿಧಾನವಾಗಿ ಕರಗ್ತದೆ. ಕರಾವಳಿಯವರಿಗೆ ಸಾರು ಮಾಡಿದ ಮೇಲೆ ಉಳಿಯುವ ವಸ್ತು, ದುಡ್ಡು ಕೊಡಬೇಕಾಗಿಲ್ಲ.

ತಮ್ಮ: ಒಂದೇ ದಿನ ಹುಟ್ಟಿದ ಮರಿಗಳಲ್ಲಿ ಕೆಲವು ದುಪ್ಪಟ್ಟು ದೊಡ್ಡವು. ಸಣ್ಣವು ಕಾಣೆಯಾಗ್ತಿವೆ.

ಅಕ್ಕ: ದೊಡ್ಡವು ತಿನ್ನುತ್ತವೆ. ವಾರಕ್ಕೊಮ್ಮೆ ಜರಡಿ ಬಲೆಯಲ್ಲಿ ಬೇರೆ ಮಾಡು, ಅಷ್ಟೆ.

ತಮ್ಮ: ನಾಲ್ಕು ದಿನದಲ್ಲಿ ರೋಗ ಬರ್ತದೆ ಎಂದಿರಲ್ಲ. ಯಾವುದು?

ಅಕ್ಕ: ಚಳಿ ತಾಗಿದ ಮೇಲೆ ಸಾಮಾನ್ಯವಾಗಿ ಬಿಳಿ ಚುಕ್ಕೆ. ಮೈಮೇಲೆ, ಮೀಸೆಯ ಮೇಲೆ ರವೆ ಉದುರಿಸಿದಂತೆ ಕಾಣ್ತದೆ. ಮರಿಗಳು ಹೆಂಚಿಗೆ ಮೈ ಉಜ್ಜಿಕೊಳ್ತವೆ. ಅದೊಂದು ಸೂಕ್ಷ್ಮ ಪರಾವಲಂಬಿ. ಚರ್ಮದ ಒಳಗೆ ಇರುವಾಗ ಯಾವ ಮದ್ದೂ ತಾಗುವುದಿಲ್ಲ. ಬಲಿತು, ಕೆಳಗೆ ಉದುರಿ, ಒಡೆದು, ನೂರಾರು ಮರಿಯಾಗಿ ಹೊಸ ಮೀನು ಹುಡುಕ್ತಾ ಈಜುವಾಗ ಮಾತ್ರ ಕೊಲ್ಲಬಹುದು. 25 ಡಿಗ್ರಿಯಲ್ಲಿ ಈ ಸುತ್ತು ಒಂದು ವಾರದೊಳಗೆ ಮುಗೀತದೆ, ತಣ್ಣಗಿದ್ದರೆ ಇನ್ನೂ ಎಳೀತದೆ. ಅದಕ್ಕೇ ನೀರನ್ನು ನಿಧಾನಕ್ಕೆ 30ಕ್ಕೆ ಏರಿಸುವುದು, ಲೀಟರಿಗೆ ಎರಡು ಗ್ರಾಂ ಕಲ್ಲುಪ್ಪು ಬೇರೆ ಪಾತ್ರೆಯಲ್ಲಿ ಕರಗಿಸಿ ಸ್ವಲ್ಪ ಸ್ವಲ್ಪವಾಗಿ ಸೇರಿಸುವುದು, ಚುಕ್ಕೆ ಹೋದ ಮೇಲೂ ಕೆಲವು ದಿನ ಬಿಡದೆ ಮುಂದುವರಿಸುವುದು. ನೀರು ಬದಲಿಸಿದಷ್ಟೇ ಉಪ್ಪನ್ನೂ ಸೇರಿಸಬೇಕು.

ತಮ್ಮ: ಅಂಗಡಿಯಲ್ಲಿ ಒಂದು ಹಸಿರು ಮದ್ದು, ಒಂದು ಆಂಟಿಬಯೋಟಿಕ್ ಪುಡಿ ತೋರಿಸಿದ್ದರು.

ಅಕ್ಕ: ಮ್ಯಾಲಕೈಟ್ ಗ್ರೀನ್ ಇರ್ಬೇಕು. ತಿನ್ನುವ ಮೀನಿಗೆ ಅದು ನಿಷೇಧ. ಮಾಂಸದಲ್ಲಿ ಉಳೀತದೆ. ಕ್ಲೋರಂಫೆನಿಕಾಲ್, ನೈಟ್ರೋಫ್ಯುರಾನ್ ಕೂಡ ನಿಷೇಧ. ಈ ಮರಿ ನಾಳೆ ಯಾರೋ ಬಾಣಂತಿಯ, ಯಾರೋ ರೋಗಿಯ ಬಟ್ಟಲಿಗೆ ಹೋಗುವಂಥದ್ದು. ಚುಕ್ಕೆ ಅಲ್ಲ, ಹುಣ್ಣು, ಹೊಟ್ಟೆ ಉಬ್ಬರ ಕಂಡರೆ ಸತ್ತ ಮರಿ ಅಲ್ಲ, ಜೀವ ಇರುವ ಕಾಯಿಲೆಯ ಮರಿಯನ್ನೇ ತೆಗೆದುಕೊಂಡು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೋ ಮಂಗಳೂರಿನ ಮೀನುಗಾರಿಕಾ ಕಾಲೇಜಿಗೋ ಹೋಗು. 1969ರಲ್ಲಿ ಶುರುವಾದ ಕಾಲೇಜು ಅದು, ದೇಶದ ಮೊದಲ ಮೀನುಗಾರಿಕಾ ಕಾಲೇಜು. ಎರಡು ಗಂಟೆಯ ದಾರಿಯಲ್ಲಿ ಅಂಥವರು ಇರುವಾಗ ಊಹೆಯ ಮೇಲೆ ಮದ್ದು ಹಾಕುವುದು ಯಾಕೆ?

ತಮ್ಮ: ಇನ್ನೊಂದು ಕೇಳ್ತೇನೆ, ಬೈಯಬೇಡಿ. ನೀವು ಹೇಳಿದ ಮುಗುಡು 100–150 ಗ್ರಾಂ ಆಗ್ಲಿಕ್ಕೆ ಎಂಟು ಹತ್ತು ತಿಂಗಳು ಬೇಕು. ಲಾರಿಯಲ್ಲಿ ಮರಿ ತರುವವರು ಆರು ತಿಂಗಳಲ್ಲಿ ಕಿಲೋ ಬರುವ ಮೀನು ಕೊಡ್ತಾರೆ, ಚಳಿಗೂ ಬಗ್ಗುವುದಿಲ್ಲವಂತೆ.

ಅಕ್ಕ: ಅದು ಆಫ್ರಿಕನ್ ಕ್ಯಾಟ್‌ಫಿಶ್. ಕೆಲವರು ಹೈಬ್ರಿಡ್ ಮಾಗುರ್, ಥಾಯ್ ಮಾಗುರ್ ಎಂದು ಹೆಸರು ಬದಲಿಸಿ ಮಾರ್ತಾರೆ. 2000ದಲ್ಲೇ ಕೇಂದ್ರ ಸರ್ಕಾರ ಅದರ ಸಾಕಣೆಯನ್ನು ನಿಷೇಧಿಸಿದೆ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ಇರುವುದನ್ನೆಲ್ಲ ನಾಶ ಮಾಡಿ ಎಂದಿತು. ಕಾನೂನು ಇರಲಿ, ನಮ್ಮ ತೋಡನ್ನು ನೆನಪಿಸಿಕೋ. ಆಟಿಯಲ್ಲಿ ತೊಟ್ಟಿ ಉಕ್ಕಿದರೆ ಆ ಮೀನು ಹುಲ್ಲಿನ ಮೇಲೆ ತೆವಳಿ ತೋಡು ಸೇರ್ತದೆ. ಮಾಳದ ಕಡೆಯಿಂದ ಇಳಿಯುವ ನೀರು ಸುವರ್ಣೆ ಹೊಳೆಗೆ ಹೋಗ್ತದೆ, ಸುವರ್ಣೆ ಬಜೆ ಅಣೆಕಟ್ಟಿಗೆ. ಉಡುಪಿ, ಮಣಿಪಾಲದವರು ಕುಡಿಯುವ ನೀರದು. ದಾರಿಯುದ್ದಕ್ಕೂ ಕಂಡ ಮೀನು, ಕಪ್ಪೆ, ಮೊಟ್ಟೆ ಎಲ್ಲವನ್ನೂ ಅದು ತಿಂದು ಹೋಗ್ತದೆ.

ತಮ್ಮ: ನಮ್ಮ ಮುಗುಡೂ ತಿನ್ನುವುದಿಲ್ಲವಾ?

ಅಕ್ಕ: ತಿನ್ನುತ್ತದೆ, ಆದರೆ ಸಾವಿರಾರು ವರ್ಷದಿಂದ ಈ ನೀರಿನಲ್ಲೇ ಉಳಿದವರ ಜೊತೆ ಲೆಕ್ಕ ಸರಿಮಾಡಿಕೊಂಡು ಬಂದ ಮೀನು ಅದು. ಪಶ್ಚಿಮ ಘಟ್ಟದ ಸೀಮೆಯ ಈ ಮುಗುಡು ಉತ್ತರದ ಮಾಗುರ್‌ಗಿಂತ ಬೇರೆ ಜಾತಿ. 1840ರಲ್ಲಿ ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ವಾಲೆಂಸಿಯೆನ್ ಇದಕ್ಕೆ ಕ್ಲೇರಿಯಸ್ ಡುಸುಮಿಯೆರಿ ಎಂದು ಹೆಸರಿಟ್ಟ. ಬಿಹಾರದವರು ತಮ್ಮ ಮಾಗುರ್ ಅನ್ನು ರಾಜ್ಯದ ಮೀನು ಎಂದು ಇಟ್ಟುಕೊಂಡಿದ್ದಾರೆ. ನಾವು ನಮ್ಮದನ್ನು ಮೊದಲ ಮಳೆಗೆ ಗದ್ದೆ ಹತ್ತುವಾಗಲೇ, ಹೊಟ್ಟೆ ತುಂಬ ಮೊಟ್ಟೆ ಇರುವಾಗಲೇ, ಉಬೆರ್ ಮೀನು ಎಂದು ಕಡಿದು ತರ್ತೇವೆ. ಗದ್ದೆಗಳು ತೋಟವಾದವು, ಉಳಿದ ಗದ್ದೆಗೆ ಕಳೆನಾಶಕ. ಹುಣಿಯ ಪೊಟರೆಯಲ್ಲಿ ಮರಿ ಕಾಯುವ ಗಂಡು ಮುಗುಡನ್ನು ನಿನ್ನ ಪ್ರಾಯದವರು ನೋಡಿಯೇ ಇಲ್ಲ. ನಾನು ಈ ಟಬ್ಬುಗಳ ಹಿಂದೆ ಬಿದ್ದದ್ದು ದುಡ್ಡಿಗೆ ಮಾತ್ರ ಅಲ್ಲ. ಇದು ಇಲ್ಲಿಂದ ಹೋಗಿಬಿಟ್ಟರೆ ನನಗೆ ಸಹಿಸಲಿಕ್ಕಾಗುವುದಿಲ್ಲ.

ತಮ್ಮ: ದುಡ್ಡು ಹುಟ್ಟುತ್ತದಾ?

ಅಕ್ಕ: ಜೀವಂತ ಮುಗುಡಿಗೆ ಗಿರಾಕಿ ಮನೆಗೇ ಬರ್ತಾರೆ. ದೊಡ್ಡದಾಗಿ ಮಾಡುವುದಾದರೆ 2020ರ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಮಾನ್ಯರಿಗೆ ಘಟಕದ ವೆಚ್ಚದ ಶೇಕಡಾ 40, ಹೆಂಗಸರಿಗೂ ಪರಿಶಿಷ್ಟರಿಗೂ 60 ಸಹಾಯಧನ ಇಟ್ಟಿದ್ದರು; ಈಗ ಉಂಟಾ ಎಂದು ಇಲಾಖೆಯಲ್ಲಿ ಕೇಳು. ಆದರೆ ಈ ವರ್ಷ ಒಂದು ಟಬ್ಬು ಸಾಕು. ಒಂದು ಥರ್ಮಾಮೀಟರ್ ತಂದು, ತಳಕ್ಕೆ ತಾಗುವ ಹಾಗೆ ಕಟ್ಟಿ, ಬೆಳಗ್ಗೆ ಆರಕ್ಕೂ ಸಂಜೆ ಆರಕ್ಕೂ ಓದಿ ಪುಸ್ತಕದಲ್ಲಿ ಬರೆ. ಎರಡು ಓದಿನ ನಡುವೆ ಎರಡು ಡಿಗ್ರಿಗಿಂತ ಹೆಚ್ಚು ಅಂತರ ಬರದ ಹಾಗೆ ಮಾಡಲಿಕ್ಕೆ ಬಂದರೆ ಮುಂದಿನ ಆಟಿಗೆ ನಾಲ್ಕು ಟಬ್ಬು ಇಡು.

ತಮ್ಮ: ಈಗ ತೊಟ್ಟಿಯಲ್ಲಿರುವ ಮರಿಗಳು? ಲಾರಿಯವರಿಂದಲೇ ತಂದದ್ದು. ಯಾವ ಜಾತಿ ಎಂದು ನಾನು ಕೇಳಿರಲಿಲ್ಲ.

ಅಕ್ಕ: ಬೆಚ್ಚಗೆ ಮಾಡಿ ಬದುಕಿಸು, ತೊಟ್ಟಿಯ ಸುತ್ತ ಒಂದು ಗಜ ಎತ್ತರಕ್ಕೆ ನೆಟ್ ಕಟ್ಟು, ನೀರು ಹೊರಗೆ ಹೋಗುವ ಪೈಪಿಗೆ ಸಣ್ಣ ಕಣ್ಣಿನ ಜಾಲರಿ ಹಾಕು. ನಾಳೆಯೇ ನಾಲ್ಕು ಮರಿಯನ್ನು ಬಾಲ್ದಿಯಲ್ಲಿ ಹಾಕಿಕೊಂಡು ಕಾರ್ಕಳದ ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೋಗಿ ತೋರಿಸು. ನಮ್ಮದು ಎಂದರೆ ಸಾಕು, ನಾನೂ ಬಂದು ನೋಡ್ತೇನೆ. ಆಫ್ರಿಕನ್ ಎಂದರೆ ಅವರು ಹೇಳಿದ ಹಾಗೆ ನಾಶ ಮಾಡಬೇಕು, ಎಷ್ಟು ದುಡ್ಡು ಹೋದರೂ. ಎರಡರಲ್ಲಿ ಯಾವುದು ಎಂದು ಖಚಿತ ಆಗುವ ತನಕ ಒಂದೇ ಒಂದು ಮರಿಯೂ ತೋಡಿಗೆ ಹೋಗಬಾರದು.